ಲಕ್ವ ಹೊಡೆದವರು ಏದುಸಿರು ಬರುವಷ್ಟು ಜೋರಾಗಿ ವ್ಯಾಯಾಮ ಮಾಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ದಾವಣಗೆರೆಯವರು. ನಮ್ಮ ಅಪ್ಪಾಜಿಗೆ 58 ವರ್ಷ, ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. 14 ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದವು. ಈಗ ಕೋಲು ಹಿಡಿದು ನಡೆಯುತ್ತಾರೆ, ಕೈ ಮಾತ್ರ ಅಷ್ಟಕ್ಕಷ್ಟೇ. ಮಾತು ಚೆನ್ನಾಗಿದೆ. ಬಿಪಿಗೆ ಮೆಟೊಪ್ರೊಲಾಲ್, ಶುಗರ್‌ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ನಡೆಯುತ್ತಿದೆ. ನನ್ನ ತಮ್ಮ ಬೆಂಗಳೂರಿನಲ್ಲಿ ಜಿಮ್‌ಗೆ ಹೋಗುವವನು. ಸ್ಟ್ರೋಕ್ ಆದವರಿಗೆ ಹೈ ಇಂಟೆನ್ಸಿಟಿ ವ್ಯಾಯಾಮ ಒಳ್ಳೆಯದು ಅಂತ ವಿಡಿಯೋ ನೋಡಿ, ಕಳೆದ ತಿಂಗಳು ಊರಿಗೆ ಬಂದವನು ಅಪ್ಪಾಜಿ ಕೈಗೆ ವಾಚ್ ಕಟ್ಟಿ, ಹಾರ್ಟ್ ರೇಟ್ 138 ಮುಟ್ಟಬೇಕು ಅಂತ ದಿನಾ ಬೆಳಿಗ್ಗೆ ಒಂದು ಗಂಟೆ ನಡೆಸಿದ. ಮಾತ್ರೆ ನುಂಗಿ, ಟೀ ಕುಡಿದು ಹೊರಡುತ್ತಿದ್ದರು, ತಿಂಡಿ ಬಂದ ಮೇಲೆ. ಸುಮ್ಮನೆ ಕೂತಾಗ 66 ಇರುತ್ತದೆ, ಎಷ್ಟು ಜೋರಾಗಿ ನಡೆದರೂ 110 ದಾಟಲಿಲ್ಲ. ಐದನೇ ದಿನ ತುಂಬಾ ಬೆವೆತು, ಮುಗ್ಗರಿಸಿ ಬಿದ್ದರು. ಪುಣ್ಯಕ್ಕೆ ಮೊಣಕೈ ತರಚಿದ್ದು ಅಷ್ಟೇ. ಈಗ ದೊಡ್ಡಪ್ಪ, 'ದಣಿಸಿದರೆ ನರ ಬಿಗಿಯುತ್ತದೆ, ಇನ್ನೊಂದು ಸಲ ಹೊಡೆಯುತ್ತದೆ, ಸುಮ್ನೆ ಕೂರಿಸಿ' ಅಂತ ಗಲಾಟೆ. ಅಪ್ಪಾಜಿಗೆ ಮತ್ತೆ ಭಟ್ಟಿಗೆ ಹೋಗುವ ಆಸೆ. ಯಾರ ಮಾತು ಕೇಳೋಣ? ಚಿತ್ರದುರ್ಗದ ನಮ್ಮ ಅತ್ತೆಗೆ ಪಾರ್ಕಿನ್ಸನ್ ಇದೆ, ಅವರೂ ಇಂಥದ್ದು ಮಾಡಬಹುದಾ?

ಉತ್ತರ: ನಿಮ್ಮ ತಮ್ಮ ಹೇಳಿದ ವಿಷಯ ಸರಿ, ಮಾಡಿಸಿದ ರೀತಿ ತಪ್ಪು. ದೊಡ್ಡಪ್ಪನ ಭಯದಲ್ಲಿ ಅರ್ಥವಿದೆ, ಅವರು ಹೇಳುವ ಕಾರಣ ಮಾತ್ರ ಸರಿಯಲ್ಲ. ಇಬ್ಬರಿಗೂ ಬೈಯಬೇಡಿ. ಇಬ್ಬರೂ ಅಪ್ಪಾಜಿ ಮೇಲಿನ ಪ್ರೀತಿಗೇ ಜಗಳ ಆಡುತ್ತಿದ್ದಾರೆ.

ಮೊದಲು ಆ 138ರ ಲೆಕ್ಕ ಮುಗಿಸೋಣ, ಏಕೆಂದರೆ ಎಡವಟ್ಟು ಶುರುವಾಗಿದ್ದು ಅಲ್ಲಿಂದ. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಅನ್ನುವುದು ಜಿಮ್‌ನವರ ಲೆಕ್ಕ. 220ರಲ್ಲಿ 58 ಹೋದರೆ 162, ಅದರ ಶೇಕಡಾ 85 ಭಾಗ ಸುಮಾರು 138. ತಮ್ಮ ಲೆಕ್ಕ ಹಾಕಿದ್ದು ಹೀಗೇ ಇರಬೇಕು. ಆದರೆ ಅಪ್ಪಾಜಿ ಮೆಟೊಪ್ರೊಲಾಲ್ ನುಂಗುತ್ತಿದ್ದಾರೆ. ಅದು ಬೀಟಾ ಬ್ಲಾಕರ್. ಹೃದಯ ಓಡದಂತೆ ಲಗಾಮು ಹಾಕುವುದೇ ಅದರ ಕೆಲಸ. ಈ ಮಾತ್ರೆ ತಗೊಳ್ಳುವವರಿಗೆ ನಾವು ಬೇರೆ ಅಂದಾಜು ಬಳಸುತ್ತೇವೆ: ವಯಸ್ಸನ್ನು 0.7ರಿಂದ ಗುಣಿಸಿ 164ರಲ್ಲಿ ಕಳೆಯುವುದು. 58ಕ್ಕೆ ಅದು ಸುಮಾರು 123 ಬರುತ್ತದೆ. ಅಂದರೆ ಅಪ್ಪಾಜಿಯ ಹೃದಯ ಮುಟ್ಟಲು ಸಾಧ್ಯವೇ ಇಲ್ಲದ ಸಂಖ್ಯೆಯನ್ನು ಮುಟ್ಟಿಸಲು ನಿಮ್ಮ ತಮ್ಮ ಐದು ದಿನ ಒದ್ದಾಡಿದ. ಕೂತಾಗ 66, ಗರಿಷ್ಠ 123. ನಡುವೆ ಇರುವುದು 57 ಬಡಿತ. 110 ಅಂದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಖರ್ಚಾಗಿತ್ತು. ವಾಚ್ ನೋಡಿ 'ಇನ್ನೂ ಸಾಲದು, ಇನ್ನೂ ಸಾಲದು' ಅಂತ ಇವನು, ಅಲ್ಲಿ ಮನುಷ್ಯ ಆಗಲೇ ಪೂರ್ತಿ ಜೋರಿನಲ್ಲಿದ್ದಾರೆ. ಅದೂ ಬಿಡುವಿಲ್ಲದೆ ಒಂದು ಗಂಟೆ, ದಿನ ಬಿಡದೆ ಐದು ದಿನ. ಜಿಮ್ ಹುಡುಗರೇ ಹೀಗೆ ಮಾಡುವುದಿಲ್ಲ.

ಇನ್ನು ಆ ಬೆವರು. ಗ್ಲಿಮೆಪಿರೈಡ್ ನುಂಗಿ, ಬರೀ ಟೀ ಕುಡಿದು, ಒಂದು ಗಂಟೆ ಜೋರಾಗಿ ನಡೆದರೆ ಶುಗರ್ ಇಳಿಯುತ್ತದೆ. ಸಾಮಾನ್ಯವಾಗಿ ಶುಗರ್ ಇಳಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಅದರಿಂದ ಗೊತ್ತಾಗುತ್ತದೆ. ಆದರೆ ಬೀಟಾ ಬ್ಲಾಕರ್ ಈ ಎರಡನ್ನೂ ಮುಚ್ಚಿಡುತ್ತದೆ. ಉಳಿಯುವುದು ಬೆವರು ಒಂದೇ. ಬಿದ್ದಿದ್ದು ಅದರಿಂದಲೇ ಅಂತ ಇಲ್ಲಿ ಕೂತು ಹೇಳುವ ಹಾಗಿಲ್ಲ, ಆದರೆ ನನ್ನ ಮೊದಲ ಅನುಮಾನ ಅದರ ಮೇಲೇ. ಇನ್ನು ಮುಂದೆ ತಿಂಡಿ ಆಗಿ ಒಂದು ಗಂಟೆ ಕಳೆದ ಮೇಲೆಯೇ ವ್ಯಾಯಾಮ. ಗ್ಲುಕೋಮೀಟರ್ ಇದ್ದರೆ ಶುರುವಿಗೆ ಮುಂಚೆ ನೋಡಿ, 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿಸಿ. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಮಾತ್ರೆಯ ಹೊತ್ತನ್ನು ನೀವೇ ಬದಲಾಯಿಸಬೇಡಿ, ಡಾಕ್ಟರನ್ನು ಕೇಳಿ.

ಈಗ ದೊಡ್ಡಪ್ಪನ ಮಾತಿಗೆ ಬರೋಣ.

'ದಣಿಸಿದರೆ ನರ ಬಿಗಿಯುತ್ತದೆ.' ಇದು ಬರೀ ಹಳ್ಳಿ ಮಾತಲ್ಲ, ನಮ್ಮಂಥ ಫಿಸಿಯೋಥೆರಪಿಯವರೇ ದಶಕಗಟ್ಟಲೆ ಹೇಳಿಕೊಂಡು ಬಂದಿದ್ದು. ಕಳೆದ ಶತಮಾನದ ನಡುವಿನಲ್ಲಿ ಲಂಡನ್‌ನಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಒಂದು ಚಿಕಿತ್ಸಾ ಪದ್ಧತಿ ಬೆಳೆಸಿದರು. ಬಿದ್ದ ಕೈಕಾಲಿಗೆ ಜೋರು ಹಾಕಿಸಿದರೆ ಸೆಟೆತ ಜಾಸ್ತಿಯಾಗುತ್ತದೆ, ಮೊದಲು ಚಲನೆ ತಿದ್ದಬೇಕು ಅನ್ನುವುದು ಆ ಪದ್ಧತಿ ಬಿಟ್ಟುಹೋದ ಪಾಠ. ನಾನು ಓದುವಾಗಲೂ ಇದನ್ನೇ ಹೇಳಿಕೊಟ್ಟರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಳಲ್ಕೆರೆ ಕಡೆಯ ಅಡಿಕೆ ತೋಟದವರೊಬ್ಬರು ಬರುತ್ತಿದ್ದರು. 'ನಿಧಾನ, ನಿಧಾನ, ದಣಿಯಬೇಡಿ' ಅಂತ ಎರಡು ವರ್ಷ ಹೇಳಿದೆ. ನಡಿಗೆ ನೋಡೋಕೆ ಚೆಂದ ಆಯಿತು. ಆದರೆ ಮನೆಯಿಂದ ತೋಟದ ಗೇಟಿನವರೆಗೆ ಹೋಗುವಷ್ಟು ಉಸಿರು ಅವರಿಗೆ ಬರಲೇ ಇಲ್ಲ. ಅದು ನನ್ನ ತಪ್ಪು, ಅವರದಲ್ಲ.

ಆಮೇಲೆ ಬಂದ ಅಧ್ಯಯನಗಳು, ಸ್ಟ್ರೋಕ್ ಆದವರಿಗೆ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿಸಿದರೆ ಸೆಟೆತ ಹೆಚ್ಚುವುದಿಲ್ಲ ಅಂತ ಮತ್ತೆ ಮತ್ತೆ ತೋರಿಸಿವೆ. ಜೋರಾಗಿ ನಡೆಯುವಾಗ ಎಡಗೈ ತಾನಾಗಿ ಮಡಚಿ ಎದೆ ಕಡೆ ಬರುವುದನ್ನು ದೊಡ್ಡಪ್ಪ ನೋಡಿರುತ್ತಾರೆ. ಅದು ಆ ಹೊತ್ತಿನದು, ಕೂತು ಸುಧಾರಿಸಿಕೊಂಡರೆ ಇಳಿಯುತ್ತದೆ. ಇಳಿಯದೆ ಎರಡು ಮೂರು ದಿನ ಬಿಗಿತ ಹಾಗೇ ನಿಂತರೆ ಮಾತ್ರ ಬೇರೆ ಕಾರಣ ಹುಡುಕಬೇಕು: ಮೂತ್ರದ ಸೋಂಕು, ಮಲಬದ್ಧತೆ, ಎಲ್ಲಾದರೂ ಹುಣ್ಣು, ಕಾಲುಬೆರಳಿನ ಉಗುರು ಒಳಗೆ ಬೆಳೆದಿರುವುದು. ನಗಬೇಡಿ, ಒಂದು ಉಗುರು ಇಡೀ ಕಾಲನ್ನು ಸೆಟೆಸಿದ್ದನ್ನು ನಾನೇ ಕಂಡಿದ್ದೇನೆ.

'ಇನ್ನೊಂದು ಸಲ ಹೊಡೆಯುತ್ತದೆ.' ಮತ್ತೆ ಸ್ಟ್ರೋಕ್ ಆಗುವುದು ಮುಖ್ಯವಾಗಿ ಹತೋಟಿಯಲ್ಲಿಲ್ಲದ ಬಿಪಿ, ಶುಗರ್, ಬೀಡಿ ಸಿಗರೇಟು ತಂಬಾಕು, ತಾಳ ತಪ್ಪಿದ ಹೃದಯದ ಬಡಿತ, ಮತ್ತು 'ಈಗ ಚೆನ್ನಾಗಿದ್ದೇನಲ್ಲ' ಅಂತ ಬಿಟ್ಟ ಮಾತ್ರೆಗಳಿಂದ. ತಿಂಗಳುಗಟ್ಟಲೆ ಮಾಡಿದ ವ್ಯಾಯಾಮ ಬಿಪಿಯನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಆದರೆ ದೊಡ್ಡಪ್ಪನ ಭಯದಲ್ಲಿ ಒಂದು ನಿಜವಿದೆ. ಜೋರಾಗಿ ಮಾಡುವ ಆ ಕ್ಷಣದಲ್ಲಿ ಬಿಪಿ ಏರುತ್ತದೆ, ಅದರಲ್ಲೂ ಉಸಿರು ಬಿಗಿಹಿಡಿದು ತಿಣುಕಿದರೆ ಇನ್ನೂ ಏರುತ್ತದೆ. ಸ್ಟ್ರೋಕ್ ಆದವರಲ್ಲಿ ಹಲವರಿಗೆ ಹೃದಯದ ರಕ್ತನಾಳದ ತೊಂದರೆಯೂ ಗೊತ್ತಾಗದಂತೆ ಇರುತ್ತದೆ. ಹಾಗಾಗಿ ಹೃದಯ ನೋಡದೆ ಜೋರು ಮಾಡಿಸುವುದು ತಪ್ಪು. ಇನ್ನೊಂದು, ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಆತುರ ಒಳ್ಳೆಯದಲ್ಲ. 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಮೊದಲ 24 ಗಂಟೆಯೊಳಗೆ ಎಬ್ಬಿಸಿ ಪದೇ ಪದೇ ನಡೆಸಿದವರು ಮೂರು ತಿಂಗಳ ನಂತರ ಸ್ವಲ್ಪ ಹಿಂದೆಯೇ ಉಳಿದಿದ್ದರು. ಅಪ್ಪಾಜಿಗೆ 14 ತಿಂಗಳಾಗಿದೆ, ಅವರಿಗೆ ಇದು ಅನ್ವಯಿಸುವುದಿಲ್ಲ. (ಪಾರಿವಾಳದ ರಕ್ತ ಹಚ್ಚಿ ಉಜ್ಜಿದರೆ ಸರಿಯಾಗುತ್ತದೆ ಅಂತ ಯಾರಾದರೂ ಬಂದು ಹೇಳಿದರೆ ಅದಕ್ಕೂ ಕಿವಿ ಕೊಡಬೇಡಿ. ವಾರಕ್ಕೆ ಒಬ್ಬರಾದರೂ ನನ್ನನ್ನು ಇದನ್ನು ಕೇಳುತ್ತಾರೆ.)

ಹಾಗಾದರೆ ಜೋರು ಯಾಕೆ ಬೇಕು, ಸಂಜೆ ಹೊತ್ತು ಮೆಲ್ಲಗೆ ಒಂದು ಸುತ್ತು ಹೋಗಿ ಬಂದರೆ ಸಾಲದಾ?

ಲಕ್ವ ಹೊಡೆದದ್ದು ಮೆದುಳಿಗೆ, ಆದರೆ ಕಳೆದುಹೋಗುವುದರಲ್ಲಿ ದೊಡ್ಡ ಪಾಲು ದಮ್ಮಿನದು. ತಿಂಗಳುಗಟ್ಟಲೆ ಮಲಗಿ, ಕೂತು, ಹೃದಯ ಮತ್ತು ಸ್ನಾಯು ಎರಡೂ ಬಡವಾಗುತ್ತವೆ. ಸ್ಟ್ರೋಕ್ ಆದವರ ದಮ್ಮು ಅದೇ ವಯಸ್ಸಿನ ಬೇರೆಯವರ ಸುಮಾರು ಅರ್ಧಕ್ಕೆ ಇಳಿದಿರುವುದು ಸಾಮಾನ್ಯ. ಇದರ ಮೇಲೆ ಎಳೆದುಕೊಂಡು ನಡೆಯುವ ನಡಿಗೆಗೆ ಖರ್ಚೂ ಜಾಸ್ತಿ, ಕೆಲವರಿಗೆ ಎರಡರಷ್ಟಾಗುತ್ತದೆ. ನಮ್ಮ ಕಡೆ ಬೋರ್‌ವೆಲ್ ಕಥೆ ಗೊತ್ತಲ್ಲ. ನೀರು ಆಳಕ್ಕೆ ಹೋಗಿದೆ, ಮೋಟರ್ ಫುಲ್ ಓಡುತ್ತಿದೆ, ಮೇಲೆ ಬರುವುದು ಅರ್ಧ ಇಂಚು. ಅಪ್ಪಾಜಿ ಸ್ನಾನಕ್ಕೆ ಹೋಗಿ ಬಂದು ಉಸ್ಸಪ್ಪಾ ಅಂತ ಕೂರುವುದು ಸೋಮಾರಿತನದಿಂದಲ್ಲ, ಅವರ ಮೋಟರ್ ಆಗಲೇ ಫುಲ್ ಓಡಿರುತ್ತದೆ. ಈ ದಮ್ಮನ್ನು ಏರಿಸಲು ಹೃದಯವನ್ನು ಸ್ವಲ್ಪ ಹೊತ್ತಾದರೂ ಅದರ ರೂಢಿಗಿಂತ ಮೇಲೆ ದುಡಿಸಬೇಕು. ಮೆಲ್ಲಗಿನ ನಡಿಗೆಗೂ ಲಾಭವಿದೆ, ಆದರೆ ಕಡಿಮೆ.

2023ರಲ್ಲಿ ಅಮೆರಿಕದಿಂದ ಬಂದ ಒಂದು ಪ್ರಯೋಗ ನಿಮ್ಮ ಮನೆಯ ಜಗಳಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ್ದ 55 ಜನ. ಎಲ್ಲರಿಗೂ ವಾರಕ್ಕೆ ಮೂರು ದಿನ, 45 ನಿಮಿಷ, 12 ವಾರ ನಡಿಗೆ. ಅರ್ಧ ಜನ ಒಂದೇ ಸಮನೆ ಮಧ್ಯಮ ವೇಗದಲ್ಲಿ ನಡೆದರು. ಇನ್ನರ್ಧ ಜನ 30 ಸೆಕೆಂಡ್ ತಮ್ಮಿಂದಾಗುವಷ್ಟು ವೇಗವಾಗಿ ನಡೆದು, 30ರಿಂದ 60 ಸೆಕೆಂಡ್ ನಿಂತು, ಮತ್ತೆ ವೇಗವಾಗಿ ನಡೆದರು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಅಳೆದಾಗ ಜೋರು ಗುಂಪಿನವರು ಮೊದಲಿಗಿಂತ 71 ಮೀಟರ್ ಹೆಚ್ಚು ನಡೆದಿದ್ದರು, ಮಧ್ಯಮ ಗುಂಪಿನವರು 27 ಮೀಟರ್ ಹೆಚ್ಚು. ವ್ಯಾಯಾಮದಿಂದ ಯಾರಿಗೂ ಗಂಭೀರ ತೊಂದರೆ ಆಗಲಿಲ್ಲ. ಆದರೆ ಅಲ್ಲಿ ಏನೇನಿತ್ತು ಅನ್ನುವುದನ್ನು ವಿಡಿಯೋದವರು ಹೇಳಿರುವುದಿಲ್ಲ. ಸೇರಿಸಿಕೊಳ್ಳುವ ಮೊದಲೇ ಹೃದಯದ ತಪಾಸಣೆ ಆಗಿತ್ತು, ಟ್ರೆಡ್‌ಮಿಲ್ ಮೇಲೆ ಬೀಳದಂತೆ ಮೇಲಿನಿಂದ ಬೆಲ್ಟ್ ಕಟ್ಟಿದ್ದರು, ಪಕ್ಕದಲ್ಲಿ ಥೆರಪಿಸ್ಟ್ ನಿಂತಿದ್ದರು. ನಡುನಡುವೆ ನಿಲ್ಲಿಸುತ್ತಿದ್ದರು ಅನ್ನುವುದನ್ನು ನಿಮ್ಮ ತಮ್ಮನಿಗೆ ಎರಡು ಸಲ ಓದಿ ಹೇಳಿ.

ಮುಂದೇನು ಮಾಡಬೇಕು?

ಮೊದಲು ನ್ಯೂರಾಲಜಿಸ್ಟ್ ಅಥವಾ ಫಿಜಿಷಿಯನ್ ಹತ್ತಿರ ಹೋಗಿ, 'ಅಪ್ಪಾಜಿಗೆ ಏದುಸಿರು ಬರುವಷ್ಟು ವ್ಯಾಯಾಮ ಮಾಡಿಸಬೇಕು, ಹೃದಯ ತಡೆಯುತ್ತದಾ ನೋಡಿ' ಅಂತ ಇದೇ ಮಾತಿನಲ್ಲಿ ಕೇಳಿ. ಬರೀ 'ವಾಕಿಂಗ್ ಮಾಡಬಹುದಾ' ಅಂದರೆ 'ಮಾಡಿ' ಅಂದು ಕಳಿಸುತ್ತಾರೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಸಾಧ್ಯವಾದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಹೃದಯ ನೋಡುವ ಪರೀಕ್ಷೆ) ಮಾಡಿಸಿ. ಬಿದ್ದ ವಿಷಯವನ್ನೂ ಮುಚ್ಚಿಡಬೇಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದು ತಲೆಗೆ ಪೆಟ್ಟಾಗಿದ್ದರೆ ಅದೇ ಬೇರೆ ಕಥೆ.

ಒಪ್ಪಿಗೆ ಸಿಕ್ಕಮೇಲೆ ಒಳ್ಳೆಯ ದಾರಿ ಅಂದರೆ ಮೊದಲ ನಾಲ್ಕು ವಾರ ಫಿಸಿಯೋಥೆರಪಿ ಸೆಂಟರ್‌ನಲ್ಲಿ ಮಾಡಿಸುವುದು. ದುಡ್ಡು, ಓಡಾಟ ಎರಡೂ ಆಗುತ್ತವೆ, ನಿಜ. ಆದರೆ ಎಷ್ಟು ವೇಗಕ್ಕೆ ಕಾಲು ಎಡವುತ್ತದೆ, ಬಿಪಿ ಎಷ್ಟು ಏರುತ್ತದೆ ಅನ್ನುವುದು ಅಲ್ಲಿ ತಿಳಿಯುತ್ತದೆ. ಅದು ಆಗದಿದ್ದರೆ ಒಬ್ಬ ಥೆರಪಿಸ್ಟ್‌ರನ್ನು ಎರಡು ಮೂರು ಸಲವಾದರೂ ಮನೆಗೆ ಕರೆಸಿ, ಅವರ ಎದುರು ಶುರು ಮಾಡಿ.

ಮನೆಯಲ್ಲಿ ಮಾಡುವುದಾದರೆ ಉದ್ದದ ಪಡಸಾಲೆ ಅಥವಾ ಮನೆ ಮುಂದಿನ ಸಮತಟ್ಟಾದ ಸಿಮೆಂಟ್ ರಸ್ತೆ ಸಾಕು. ಗಾಜಿನ ಮನೆ ಪಾರ್ಕ್ ಕಡೆ ಹುಲ್ಲಿನ ಮೇಲೆ ನಡೆಸೋಣ ಅಂತ ಹಲವರು ಕೇಳುತ್ತಾರೆ. ಕಾಲು ಎಳೆಯುವವರಿಗೆ ಹುಲ್ಲು ಶತ್ರು. ಕುಂದವಾಡ ಕೆರೆ ಸುತ್ತುವ ಆಸೆ ಆಮೇಲೆ ಇಟ್ಟುಕೊಳ್ಳಿ. ಐದು ನಿಮಿಷ ಮೆಲ್ಲಗೆ ನಡೆದು, ಆಮೇಲೆ 30 ಸೆಕೆಂಡ್ ವೇಗ, 60 ಸೆಕೆಂಡ್ ನಿಲ್ಲುವುದು ಅಥವಾ ಕೂರುವುದು. ಮೊದಲ ವಾರ ಇಂಥ ಐದಾರು ಸುತ್ತು ಸಾಕೇ ಸಾಕು. ಕೊನೆಗೆ ಮತ್ತೆ ಐದು ನಿಮಿಷ ಮೆಲ್ಲಗೆ. ದಿನ ಬಿಟ್ಟು ದಿನ. ಎರಡು ವಾರಕ್ಕೊಮ್ಮೆ ಎರಡು ಸುತ್ತು ಏರಿಸಿ. ನಡಿಗೆಯಲ್ಲಿ ಧೈರ್ಯ ಬರದಿದ್ದರೆ ಕುರ್ಚಿಯಿಂದ ಎದ್ದು ಕೂರುವುದನ್ನೇ 30 ಸೆಕೆಂಡ್ ಬೇಗ ಬೇಗ ಮಾಡಲಿ, ಅದೇ ಏದುಸಿರು ಬರುತ್ತದೆ. ಕುರ್ಚಿ ಗೋಡೆಗೆ ಒರಗಿರಲಿ, ಪ್ಲಾಸ್ಟಿಕ್ ಕುರ್ಚಿ ಬೇಡ.

ಜೋರು ಎಷ್ಟು ಅಂತ ವಾಚ್‌ಗಿಂತ ಮಾತು ಚೆನ್ನಾಗಿ ಹೇಳುತ್ತದೆ. ವೇಗದ ಸುತ್ತು ಮುಗಿದ ಕೂಡಲೇ 'ತಿಂಡಿ ಏನಾಗಿತ್ತು ಅಪ್ಪಾಜಿ' ಅಂತ ಕೇಳಿ. 'ಬೆಣ್ಣೆ ದೋಸೆ, ಚಟ್ನಿ, ಆಲೂ ಪಲ್ಯ, ಆಮೇಲೆ ಟೀ' ಅಂತ ಒಂದೇ ಉಸಿರಿಗೆ ಹೇಳಿದರೆ ಸಾಲದು. 'ಬೆಣ್ಣೆ ದೋಸೆ' ಅಂದು ಉಸಿರು ತಗೊಂಡು 'ಚಟ್ನಿ' ಅಂದರೆ ಸರಿಯಾಗಿದೆ. ಮಾತೇ ಹೊರಡದೆ ಕೈ ಬೀಸಿದರೆ ಜಾಸ್ತಿಯಾಯಿತು. ವಾಚ್ ಬೇಕೇ ಬೇಕು ಅಂತ ತಮ್ಮ ಹಟ ಹಿಡಿದರೆ ಸುತ್ತುಗಳ ಕೊನೆಗೆ 100ರ ಆಸುಪಾಸು ಬಂದರೆ ಸಾಕು ಅಂತ ಹೇಳಿ.

ಕೂತಲ್ಲೇ ಬಿಪಿ 180/110 ಇದ್ದ ದಿನ ವ್ಯಾಯಾಮ ಇಲ್ಲ. ಜ್ವರ ಬಂದ ದಿನ, ಮಾತ್ರೆ ತಪ್ಪಿದ ದಿನ ಇಲ್ಲ. ಎದೆ ಬಿಗಿತ, ದವಡೆಗೆ ಹರಿಯುವ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಹೊಸದಾಗಿ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಇನ್ನೊಂದು ಕೈ ಬಲ ಕಳೆದುಕೊಂಡರೆ ಗಂಟೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. 'ಸ್ವಲ್ಪ ಮಲಗಲಿ, ನೋಡೋಣ' ಅಂತ ಕಾಯಬೇಡಿ.

ಬೀಳುವ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಅನುಭವದಲ್ಲಿ ಜೋರು ವ್ಯಾಯಾಮದಲ್ಲಿ ಹೃದಯ ಕೈಕೊಟ್ಟವರಿಗಿಂತ ಕಾಲು ಕೈಕೊಟ್ಟವರೇ ಜಾಸ್ತಿ. ಯಾರೇ ಬಂದರೂ ನಾನು ಮೊದಲು ನೋಡುವುದು ರಿಪೋರ್ಟ್ ಅಲ್ಲ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ. ಬಲಗಾಲಿನದು ಚೆನ್ನಾಗಿರುತ್ತದೆ, ಎಡಗಾಲಿನದು ತುದಿಯಲ್ಲಿ ಮಾತ್ರ ಕತ್ತರಿಸಿದ ಹಾಗೆ ಸವೆದಿರುತ್ತದೆ. ಪಾದದ ಮುಂಭಾಗ ಮೇಲೇಳುತ್ತಿಲ್ಲ, ಪ್ರತಿ ಹೆಜ್ಜೆಗೂ ನೆಲ ಉಜ್ಜುತ್ತಿದೆ ಅಂತ ಅರ್ಥ. ವೇಗ ಹೆಚ್ಚಿದಂತೆ ಆ ಉಜ್ಜುವ ಸದ್ದು ಸರ್ ಸರ್ ಅಂತ ಜಾಸ್ತಿಯಾಗುತ್ತದೆ, ಸುಸ್ತಾದ ಮೇಲೆ ಇನ್ನೂ ಜಾಸ್ತಿ. ಬೀಳುವುದು ಆಗಲೇ. ಹಾಗಾಗಿ ಸುತ್ತು ಹೆಚ್ಚಿಸುವಾಗ ಆ ಸದ್ದನ್ನು ಕೇಳಿಸಿಕೊಳ್ಳಿ, ಸದ್ದು ಬದಲಾದರೆ ಅವತ್ತಿಗೆ ಮುಗಿಯಿತು. ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಬೇಕಾ ಅಂತ ಥೆರಪಿಸ್ಟ್ ಹತ್ತಿರ ನೋಡಿಸಿ. ಹವಾಯಿ ಚಪ್ಪಲಿ ಪೂರ್ತಿ ಬಂದ್, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ.

ಅಪ್ಪಾಜಿಗೆ ಬಿದ್ದಿರುವುದು ಎಡಭಾಗ, ಅಂದರೆ ಪೆಟ್ಟಾಗಿರುವುದು ಮೆದುಳಿನ ಬಲಭಾಗಕ್ಕೆ. ಇಂಥವರಲ್ಲಿ ಕೆಲವರಿಗೆ ಕಣ್ಣು ಸರಿಯಿದ್ದರೂ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. ಊಟದ ತಟ್ಟೆ ನೋಡಿ. ಎಡಗಡೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತಿದ್ದರೆ, ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಿದ್ದರೆ, ಅದೇ ಇರಬಹುದು. ಹಾಗಿದ್ದರೆ ರಸ್ತೆಯಲ್ಲಿ ವೇಗದ ನಡಿಗೆ ಬೇಡವೇ ಬೇಡ, ಒಳಗಡೆಯೇ ಮಾಡಿಸಿ. ಜೊತೆಗಿರುವವರು ಎಡಗಡೆ, ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಹಿಡಿಯುವುದು ಸೊಂಟದ ಬೆಲ್ಟನ್ನು. ಎಡಗೈ ಹಿಡಿದು ಎಳೆಯಬೇಡಿ, ಬಲವಿಲ್ಲದ ಭುಜದ ಕೀಲು ಜಗ್ಗಿ ಜಾರುತ್ತದೆ, ಆಮೇಲೆ ಆ ನೋವಿಗೆ ರಾತ್ರಿ ನಿದ್ದೆ ಇರುವುದಿಲ್ಲ.

ನಿಮ್ಮ ಅತ್ತೆಯ ವಿಷಯ. ಪಾರ್ಕಿನ್ಸನ್‌ನಲ್ಲೂ ಜೋರು ವ್ಯಾಯಾಮದ ಪರವಾಗಿ ಒಳ್ಳೆಯ ಆಧಾರ ಇದೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಯಿಲೆ ಹೊಸದಾಗಿ ಗೊತ್ತಾಗಿ ಇನ್ನೂ ಮಾತ್ರೆ ಶುರು ಮಾಡದ 128 ಜನರಿದ್ದರು. ಗರಿಷ್ಠ ಬಡಿತದ ಶೇಕಡಾ 80ರಿಂದ 85 ಭಾಗದಲ್ಲಿ ಟ್ರೆಡ್‌ಮಿಲ್ ನಡೆದವರ ಚಲನೆಯ ತೊಂದರೆ ಆರು ತಿಂಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಏನೂ ಮಾಡದವರಲ್ಲಿ, ಚಲನೆಯ ತೊಂದರೆಗೆ ಡಾಕ್ಟರು ಕೊಡುವ ಅಂಕದ ಲೆಕ್ಕದಲ್ಲಿ, ಮೂರು ಅಂಕದಷ್ಟು ಕೆಟ್ಟಿತು. ಇದರಿಂದ ಕಾಯಿಲೆ ವಾಸಿಯಾಗುತ್ತದೆ ಅಂತಲ್ಲ. ಅತ್ತೆ ಲೆವೊಡೋಪಾ ಮಾತ್ರೆ ತಗೊಳ್ಳುತ್ತಿದ್ದರೆ ಅದು ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲಿ ಮಾಡಲಿ. ನಡೆಯುತ್ತಾ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುವ ತೊಂದರೆ ಇದ್ದರೆ, ಅಥವಾ ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತಿದ್ದರೆ, ನಡಿಗೆಗಿಂತ ನಿಂತಲ್ಲೇ ಇರುವ ಸೈಕಲ್ ಒಳ್ಳೆಯದು. ಏಳು ಸುತ್ತಿನ ಕೋಟೆ ಹತ್ತುತ್ತೇನೆ ಅಂದರೆ ಸದ್ಯಕ್ಕೆ ಬೇಡ ಅನ್ನಿ. ಆ ನುಣುಪು ಬಂಡೆ ಮೆಟ್ಟಿಲಲ್ಲಿ ಗಟ್ಟಿಮುಟ್ಟಾದವರೇ ಜಾರುತ್ತಾರೆ.

ಎಲ್ಲ ನರದ ಕಾಯಿಲೆಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ನರದ ಮೇಲಿನ ಹೊದಿಕೆ ಹಾಳಾಗುವ ಕಾಯಿಲೆ) ಇರುವವರಿಗೆ ಮೈ ಬಿಸಿಯಾದಾಗ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ತಣ್ಣಗಾದರೆ ಸರಿಹೋಗುತ್ತದೆ, ನರಕ್ಕೆ ಹೊಸ ಹಾನಿ ಆಗಿರುವುದಿಲ್ಲ. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ಅವರು ಫ್ಯಾನ್ ಕೆಳಗೆ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಂಡು ಮಾಡಬೇಕು. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ, ಮೂತ್ರಕೋಶ ತುಂಬಿದ್ದಷ್ಟಕ್ಕೇ ಬಿಪಿ ದಿಢೀರ್ ಏರಬಹುದು. ಅವರು ಮೂತ್ರ ಖಾಲಿ ಮಾಡಿಕೊಂಡೇ ಶುರು ಮಾಡಬೇಕು, ತಲೆ ಸಿಡಿದರೆ ನಿಲ್ಲಿಸಬೇಕು. ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ಸವೆಯುವ ಕಾಯಿಲೆ), ಮಯಸ್ತೇನಿಯಾ (ಬಳಸಿದಷ್ಟೂ ಸ್ನಾಯು ಸೋಲುವ ಕಾಯಿಲೆ), ಎಎಲ್ಎಸ್ (ಸ್ನಾಯು ನಡೆಸುವ ನರಗಳು ಸಾಯುವ ಕಾಯಿಲೆ) ಇರುವವರು, ಹಳೇ ಪೋಲಿಯೋದಿಂದ ಈಗ ಮತ್ತೆ ಬಲ ಇಳಿಯುತ್ತಿರುವವರು, ಇವರ್‍ಯಾರೂ ಇಂಥ ಬರಹ ಓದಿ ಜೋರು ಶುರು ಮಾಡಬಾರದು. ಅಲ್ಲಿ ಅತಿಯಾದ ದಣಿವೇ ಸ್ನಾಯುವಿಗೆ ಪೆಟ್ಟು ಕೊಡಬಹುದು.

ಕೊನೆಯದಾಗಿ ಭಟ್ಟಿ. ಮೂರು ತಿಂಗಳು ಇದನ್ನು ನಿಯಮವಾಗಿ ಮಾಡಿದ ಮೇಲೆ, ಮನೆಯಿಂದ ಭಟ್ಟಿಗೆ ಕೋಲು ಹಿಡಿದು ಹೋಗಿ ಕೂತು ಮಾತಾಡುವಷ್ಟು ದಮ್ಮು ಬಂದರೆ ಹೋಗಲಿ, ಖಂಡಿತ ಹೋಗಲಿ. ಆದರೆ ಕೂರುವುದು ಗಲ್ಲಾ ಹತ್ತಿರ, ಕಾದ ಮರಳಿನ ಮುಂದೆ ಅಲ್ಲ. ಆ ಬಿಸಿಗೆ ಬೆವೆತು ನೀರು ಕಡಿಮೆಯಾದರೆ ಬಿಪಿ ಮಾತ್ರೆ ತಗೊಳ್ಳುವವರಿಗೆ ಎದ್ದಾಗ ತಲೆ ತಿರುಗುತ್ತದೆ, ಮತ್ತೆ ಬೀಳುತ್ತಾರೆ. ಈಗಲೇ ಒಂದು ದಿನ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ, ಅವರ ಮಾಮೂಲಿ ವೇಗದಲ್ಲಿ, ನಡುವೆ ನಿಂತರೂ ಪರವಾಗಿಲ್ಲ. 12 ವಾರ ಆದ ಮೇಲೆ ಮತ್ತೆ ಅಳೆದು ಎರಡೂ ಸಂಖ್ಯೆ ನನಗೆ ಬರೆದು ಕಳಿಸಿ. ಅಳೆಯುವ ಕೆಲಸ ದೊಡ್ಡಪ್ಪನಿಗೇ ಕೊಡಿ.